ಹಗ್ಗ ಹಿಡಿದು ನಿಂತವಳು

“ನೀವು ಹೀಗೆ ಬಾಯೇ ಬಿಡದೆ ಕೂತ್ರೆ ನಾನು ಏನಂತ ತಿಳ್ಕೊಳ್ಳಲಿ?”

ಇತಾತಿ ಅದನ್ನು ಕೇಳಿದ್ದು ಎಷ್ಟನೇ ಸಲವೋ. ಎದುರಿನ ಕುರ್ಚಿಯಲ್ಲಿದ್ದ ಕುರುಚಲು ಗಡ್ಡದ ಹುಡುಗ ಕಿಟಕಿಯಾಚೆ ನೋಡುತ್ತಲೇ ಇದ್ದ. ಹೊರಗೆ ಬ್ಯೂನಸ್ ಐರಿಸ್‌ನ ಬಸ್ಸುಗಳು ಒಂದರ ಮೇಲೊಂದು ಹಾರನ್ ಹೊಡೆಯುತ್ತಿದ್ದವು. ಒಳಗೆ ಗೋಡೆಗೆ ಒರಗಿ ಕೂತ ಹೊಸಬರೆಲ್ಲ ಅವಳನ್ನೇ ನೋಡುತ್ತಿದ್ದರು.

ಆ ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಅದು ಅವಳ ಮೊದಲ ದಿನ. ಸೈಕಾಲಜಿ ಓದು ಮುಗಿಸಿ, ನೂರಾರು ಜನರ ಜೊತೆ ಪರೀಕ್ಷೆ ಬರೆದು, ತರಬೇತಿಯ ಸೀಟು ಗಿಟ್ಟಿಸಿ ಬಂದಿದ್ದಳು. ಇಲ್ಲಿ ಮೊದಲ ಪಾಠವೇ ಎರಡು ಕುರ್ಚಿ. ಒಂದರಲ್ಲಿ ರೋಗಿಯ ಪಾತ್ರ, ಇನ್ನೊಂದರಲ್ಲಿ ಸೈಕಾಲಜಿಸ್ಟ್. ರೋಗಿಯಾದವನ ಕಿವಿಯಲ್ಲಿ ವಿಭಾಗದ ಮುಖ್ಯಸ್ಥೆ ಪೆರ್ಲಾ ಏನೋ ಉಸುರಿ ಹೋಗಿದ್ದರು.

ಕೇಳಿ ಕೇಳಿ ಅವಳ ತಾಳ್ಮೆ ಕೆಟ್ಟಿತು. ತನ್ನ ಹುಟ್ಟೂರು ಗೋಯಾದ, ಎಳೆದೆಳೆದು ಆಡುವ ಆ ನದಿ ಸೀಮೆಯ ಮಾತು ತಾನಾಗಿ ಹೊರಬಿತ್ತು.

“ಏನ್ ಮಾರಾಯ, ನಾಲಿಗೇನ ಮನೇಲಿ ಒಣಗೋಕೆ ಹಾಕಿ ಬಂದಿದ್ದೀಯಾ?”

ಕೋಣೆಗೆ ಕೋಣೆಯೇ ನಕ್ಕಿತು. ರೋಗಿಯೂ ನಕ್ಕುಬಿಟ್ಟ. ಆ ನಗುವಿಗೆ ಅವನ ಮುಖವೇ ಬೇರೆಯಾಯಿತು... ಇತಾತಿಗೆ ಕಿವಿಯವರೆಗೂ ಬಿಸಿಯೇರಿತು. ಸಿಟ್ಟಿಗೋ ಇನ್ನೊಂದಕ್ಕೋ, ಅವಳಿಗೇ ತಿಳಿಯಲಿಲ್ಲ.

ಪೆರ್ಲಾ ಮಾತ್ರ ನಗಲಿಲ್ಲ. ಬಿಳಿಕೂದಲಿನ ಆ ಪುಟ್ಟ ಹೆಂಗಸು ಕನ್ನಡಕ ತೆಗೆದು ಒರೆಸುತ್ತ, “ಸುಮ್ಮನಿರೋನು ಖಾಲಿ ಇರಲ್ಲ ಮಗು. ಏನನ್ನೋ ಹೊತ್ಕೊಂಡಿರ್ತಾನೆ. ಅದನ್ನ ಕಿತ್ಕೊಳ್ಳೋಕೆ ಹೋಗಬೇಡ” ಎಂದರು.

ಪಾಠ ಮುಗಿದ ಮೇಲೆ ಅವನೇ ಹುಡುಕಿಕೊಂಡು ಬಂದ. ಹೆಸರು ಫೌಸ್ತೊ. ನಾಲಿಗೆ ಒಣಗಿತಂತೆ, ತಗೊಂಡು ಬಂದಿದ್ದಾನಂತೆ.

*

ಹೀಗೆ ಶುರುವಾಯಿತು.

ತರಬೇತಿಯೆಂದರೆ ಹಗಲೆಲ್ಲ ಬೇರೆಯವರ ಅಳು. ನಿದ್ದೆ ಬಾರದ ಟ್ಯಾಕ್ಸಿಯವರು, ಮಗು ಕಳೆದುಕೊಂಡ ತಾಯಂದಿರು, ಲಿಫ್ಟ್ ಹತ್ತಲು ಹೆದರುವ ಗುಮಾಸ್ತರು. ಆಮೇಲೆ ಹಿರಿಯರ ಮುಂದೆ ಕೂತು, ಕೇಳಿದ್ದೇನು, ಕೇಳಿಯೂ ಬಿಟ್ಟದ್ದೇನು ಎಂದು ಒಪ್ಪಿಸಬೇಕು. ಬೇರೆಯವರ ಮನಸ್ಸಿಗೆ ಕೈ ಹಾಕುವ ಮುನ್ನ ತಮ್ಮದನ್ನೂ ಯಾರಿಗಾದರೂ ತೋರಿಸಬೇಕೆಂದು ಇತಾತಿಯೂ ವಾರಕ್ಕೊಮ್ಮೆ ತನ್ನ ಸೈಕಾಲಜಿಸ್ಟಳ ಬಳಿ ಹೋಗುತ್ತಿದ್ದಳು. ಆ ಊರಲ್ಲಿ ಅದೇನೂ ದೊಡ್ಡ ಸುದ್ದಿಯಲ್ಲ. ತರಕಾರಿಯವನೂ ಟೊಮ್ಯಾಟೊ ತೂಗುತ್ತ, ತನ್ನ ಸೈಕಾಲಜಿಸ್ಟ್ ಅತ್ತೆಯ ವಿಷಯಕ್ಕೆ ಏನು ಹೇಳಿದರೆಂದು ಹೇಳಿಯೇ ಚೀಲ ಕಟ್ಟುತ್ತಿದ್ದ.

ಸಂಜೆ ತರಬೇತಿಯವರ ಪುಟ್ಟ ಅಡುಗೆಮನೆಯಲ್ಲಿ ಮಾಟೆ ಎಂಬ ಕಹಿ ಎಲೆಯ ಕಷಾಯ ಸುತ್ತು ಬರುತ್ತಿತ್ತು. ಒಂದೇ ಸೋರೆಬುರುಡೆ, ಹೀರಲು ಒಂದೇ ಕೊಳವೆ. ಒಬ್ಬರು ಬಿಸಿನೀರು ಹೊಯ್ದು ಕೊಡುವುದು, ಇನ್ನೊಬ್ಬರು ಹೀರಿ ಹಿಂದಕ್ಕೆ ಕೊಡುವುದು. ಹೊಯ್ಯುತ್ತಿದ್ದವನು ಫೌಸ್ತೊ. ಕೊಟ್ಟಾಗ ‘ಥ್ಯಾಂಕ್ಸ್’ ಎಂದರೆ ‘ಸಾಕು, ಇನ್ನು ಬೇಡ’ ಎಂದರ್ಥ. ಇತಾತಿ ಅವನಿಗೆ ಎಂದೂ ಥ್ಯಾಂಕ್ಸ್ ಹೇಳುತ್ತಿರಲಿಲ್ಲ. ನೀರು ತಣ್ಣಗಾಗುವ ತನಕ ಕುಡಿಯುತ್ತಿದ್ದಳು.

ಮೂರನೇ ವರ್ಷದ ಹೊತ್ತಿಗೆ ಅವರಿಬ್ಬರ ವಿಷಯ ಇಡೀ ವಿಭಾಗಕ್ಕೆ ಗೊತ್ತಾಗಿತ್ತು. ಚೀಟಿ ಕೊಡುವ ಚೋಲಾ ಅಂತೂ ಮದುವೆಗೆ ತಾನು ಯಾವ ಬಣ್ಣ ಉಡಬೇಕೆಂದು ಇಬ್ಬರನ್ನೂ ಬೇರೆ ಬೇರೆ ಕೇಳಿದ್ದಳು.

ಆ ವರ್ಷವೇ ಸೋಮವಾರಗಳಂದು ಅಡುಗೆಮನೆಯ ಮೇಜಿನ ಮೇಲೆ ಕಾಗದದ ಚೀಲದಲ್ಲಿ ಬಿಸಿ ಚಿಪಾ ಬರತೊಡಗಿತು. ಚೀಸ್ ಹಾಕಿ ಸುಟ್ಟ ಆ ಸಣ್ಣ ರೊಟ್ಟಿಗಳನ್ನು ಯಾರೋ ರೋಗಿ ತಂದಿಟ್ಟು ಹೋಗುತ್ತಾರೆ ಎಂದಷ್ಟೇ ಚೋಲಾ ಹೇಳುತ್ತಿದ್ದಳು. ಇತಾತಿ ಮೊದಲ ತುತ್ತಿಗೇ ಕಣ್ಣು ಮುಚ್ಚಿದ್ದಳು.

“ಇದು ನಮ್ಮ ಕಡೇದು ಕಣೋ ಫೌಸ್ತೊ. ಸೋಂಪು ಹಾಕಿದ್ದಾರೆ ನೋಡು. ಈ ಊರಿನವರಿಗೆ ಇದು ಬರಲ್ಲ.”

ಫೌಸ್ತೊ ಅವಳು ತಿನ್ನುವುದನ್ನು ನೋಡುತ್ತ ನಗುತ್ತಿದ್ದ. ಬಾಗಿಲಾಚೆಯ ಬೆಂಚಿನಲ್ಲಿ, ಸೋಮವಾರಗಳಂದು ಅವನ ಕೋಣೆಗೆ ಬರುವ ರೋಗಿ, ಹುಲ್ಲುಟೋಪಿಯ ಮುದುಕನೊಬ್ಬ, ತನ್ನ ಸರದಿಗೆ ಕೂತಿರುತ್ತಿದ್ದ. ಇತಾತಿ ಹಾದುಹೋದಾಗಲೆಲ್ಲ ಟೋಪಿ ತೆಗೆದು ಎದ್ದು ನಿಲ್ಲುತ್ತಿದ್ದ. ಹಳೇ ಕಾಲದ ಮರ್ಯಾದೆ ಎಂದುಕೊಂಡು ಅವಳು ನಕ್ಕು ಮುಂದೆ ಹೋಗುತ್ತಿದ್ದಳು.

*

ನವೆಂಬರಿನ ಆ ಬುಧವಾರ ಸಂಜೆ ಉದ್ಯಾನದ ದಾರಿಯೆಲ್ಲ ಜಕರಂದಾ ಹೂ ಉದುರಿ ನೇರಳೆಯಾಗಿತ್ತು. ಫೌಸ್ತೊ ಅವಳ ಅಂಗೈಯನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು, ಅಲ್ಲಿದ್ದ ಹಳೆಯ ಗಾಯದ ಗೆರೆಯ ಮೇಲೆ ಬೆರಳಾಡಿಸುತ್ತಿದ್ದ. ಇದೇನಾಗಿತ್ತು ಎಂದು ಹಿಂದೆಯೂ ಕೇಳಿದ್ದ. ಬಾಣಲೆ ಸುಟ್ಟಿದ್ದು ಎಂದಿದ್ದಳು.

ಅಂದು ಯಾಕೋ ನಿಜ ಹೇಳಬೇಕೆನಿಸಿತು. ಅಮ್ಮನ ಹೊರತು ಯಾರಿಗೂ ಗೊತ್ತಿಲ್ಲದ್ದು, ತನ್ನ ಸೈಕಾಲಜಿಸ್ಟಳಿಗೂ ಹೇಳದ್ದು... ಇವನಿಗಲ್ಲದೆ ಇನ್ಯಾರಿಗೆ?

“ಅಪ್ಪ ದೋಣಿ ಇಟ್ಕೊಂಡಿದ್ದ” ಎಂದಳು. “ಮದುವೆ ಆಗಿರಲಿಲ್ಲ, ಅದಕ್ಕೇ ನಂಗೆ ಅಮ್ಮನ ಮನೆತನದ ಹೆಸರು. ನಾನು ತುಂಬ ಚಿಕ್ಕೋಳು. ಒಂದಿನ ಗೋಯಾದ ದಡದಲ್ಲಿ ದೋಣಿಯ ಹಗ್ಗ ನನ್ನ ಕೈಗೆ ಕೊಟ್ಟು, ಬಿಡಬೇಡ, ಬಂದೆ ಅಂದ. ಬೇರೆ ಯಾರದ್ದೋ ಲಾಂಚ್ ಹತ್ತಿ ಆಚೆ ದಡಕ್ಕೆ ಹೋದ. ನದಿ ದೋಣೀನ ಎಳೀತಾ ಇತ್ತು. ಬಿಡಬೇಡ ಅಂದಿದ್ದನಲ್ಲ, ನಾನು ಬಿಡಲಿಲ್ಲ. ಹೊತ್ತು ಮುಳುಗಿದ ಮೇಲೆ ಅಮ್ಮ ಬಂದು ಬೆರಳು ಒಂದೊಂದಾಗಿ ಬಿಡಿಸಿದಳು. ಹಗ್ಗಕ್ಕೆ ಚರ್ಮ ಅಂಟ್ಕೊಂಡಿತ್ತು.”

ಹೇಳಿ ಅವನ ಮುಖ ನೋಡಿದಳು. ಅಪ್ಪಿಕೊಳ್ಳುತ್ತಾನೆ ಎಂದುಕೊಂಡಿದ್ದಳು.

ಫೌಸ್ತೊನ ಮುಖ ಸುಣ್ಣ ಬಳಿದಂತಾಗಿತ್ತು. ಅವಳ ಕೈಯನ್ನು ಮೆಲ್ಲಗೆ ಅವಳ ಮಡಿಲಿಗೇ ಇಟ್ಟ. ಎರಡು ಸಲ ಏನೋ ಹೇಳಲು ಹೋಗಿ ನಿಲ್ಲಿಸಿದ. ತಡವಾಯಿತು ಎಂದು ಬಸ್ ನಿಲ್ದಾಣದವರೆಗೆ ಬಂದವನು, ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ.

ಬಸ್ಸಿನ ಕಿಟಕಿಗೆ ಹಣೆ ಒತ್ತಿ ಕೂತ ಇತಾತಿಗೆ ಅಳು ಉಕ್ಕಿಬಂತು. ಎದೆ ಬಗೆದು ತೋರಿಸಿದೆನಲ್ಲ... ಅವನಿಗೆ ಅಸಹ್ಯವಾಯಿತೇ?

*

ಗುರುವಾರ ಬೆಳಿಗ್ಗೆ ವಿಭಾಗದ ಸಭೆ. ಯಾರಾದರೊಬ್ಬರು ತಮ್ಮನ್ನು ಕಾಡುತ್ತಿರುವ ರೋಗಿಯ ವಿಷಯವನ್ನು ಎಲ್ಲರ ಮುಂದಿಡಬೇಕು. ಬೇರೆ ಕಡೆ ಅದನ್ನು ಓದಿ ಹೇಳುತ್ತಾರೆ, ಪೆರ್ಲಾರ ವಿಭಾಗದಲ್ಲಿ ಅಭಿನಯಿಸಬೇಕಿತ್ತು. ರೋಗಿ ಯಾರೆಂದು ಯಾರಿಗೂ ತಿಳಿಯಬಾರದು. ಹೆಸರು, ಊರು, ಕಸುಬು, ವಯಸ್ಸು, ಬೇಕಾದರೆ ಗಂಡನ್ನು ಹೆಣ್ಣು ಮಾಡಿ ವೇಷ ಕಟ್ಟಿ ಒಂದು ವಾರ ಮೊದಲೇ ಪೆರ್ಲಾಗೆ ಹೇಳಿಡಬೇಕು. ಅವರು ಸಭೆಯ ಬೆಳಿಗ್ಗೆ ಯಾರನ್ನೋ ಒಬ್ಬರನ್ನು ಕರೆದು, ಅಷ್ಟನ್ನು ತಿಳಿಸಿ ರೋಗಿಯ ಕುರ್ಚಿಯಲ್ಲಿ ಕೂರಿಸುತ್ತಿದ್ದರು.

ಅಂದು ಸರದಿ ಫೌಸ್ತೊನದು. ಮೆಟ್ರೋ ಮುಷ್ಕರ, ಅವನಿನ್ನೂ ಬಂದಿರಲಿಲ್ಲ. ಪೆರ್ಲಾರನ್ನು ನಿರ್ದೇಶಕರು ಕರೆಸಿದ್ದರು. ಕಾದು ಸಾಕಾಗಿ ಹಿರಿಯನೊಬ್ಬ ಶುರು ಮಾಡಿ ಎಂದ.

ರೋಗಿಯ ಕುರ್ಚಿಯಲ್ಲಿ ಕೂತವಳು ಬೆತಿನಾ, ಇತಾತಿಯ ಜೊತೆಯವಳು, ನಾಟಕದ ಹುಚ್ಚಿನವಳು. ನದಿ ಸೀಮೆಯ ದರ್ಜಿ ಹುಡುಗಿ ತಾನು ಎಂದು ರಾಗವಾಗಿ ಎಳೆದಾಗ ಕೆಲವರು ನಕ್ಕರು. ಇತಾತಿಯೂ ನಕ್ಕಳು.

ಆಮೇಲೆ ಬೆತಿನಾ ಬಲಗೈ ಮುಂದೆ ಚಾಚಿ ಮುಷ್ಟಿ ಕಟ್ಟಿದಳು.

“ದಿನಾ ಅದೇ ಕನಸು. ದಡದಲ್ಲಿ ನಿಂತಿದ್ದೀನಿ, ಕೈಲಿ ದೋಣಿ ಹಗ್ಗ. ಬಂದೆ ಅಂದ ಮಾತು, ಬರಲೇ ಇಲ್ಲ. ಅಂಗೈ ಚರ್ಮ ಕಿತ್ತು ಬರ್ತಿದೆ... ಹಗ್ಗ ಬಿಡೋಕಾಗ್ತಿಲ್ಲ.”

ಇತಾತಿಯ ಕಿವಿಯಲ್ಲಿ ಜೋರಾಗಿ ನೀರು ಹರಿದಂತಾಯಿತು.

ನಿನ್ನೆ ಸಂಜೆ... ನಿನ್ನೆ ಸಂಜೆಯಷ್ಟೇ ಹೇಳಿದ್ದು! ಒಂದು ರಾತ್ರಿಯೂ ಅವನ ಹೊಟ್ಟೆಯಲ್ಲಿ ನಿಲ್ಲಲಿಲ್ಲವೇ? ಸರದಿಗೆ ಸರಕು ಬೇಕಿತ್ತು, ಸಿಕ್ಕಿತು. ಅದಕ್ಕೇ ಆ ಮೌನ. ಅಷ್ಟು ಹೊತ್ತೂ ಅವನು ಅವಳನ್ನು ಕೇಸಾಗಿ ಮಡಚುತ್ತಿದ್ದ!

ಬಾಗಿಲು ದಡಾರನೆ ತೆರೆಯಿತು. ಬೆವರಲ್ಲಿ ತೊಯ್ದ ಅಂಗಿ, ಏದುಸಿರು. ಫೌಸ್ತೊ ಚಾಚಿದ ಬೆತಿನಾಳ ಕೈಯನ್ನು ನೋಡಿದ, ಆಮೇಲೆ ಇತಾತಿಯನ್ನು.

ಅವಳು ಎದ್ದು ನಿಂತಿದ್ದಳು. ಎಲ್ಲರೂ ಇದ್ದಾರೆ ಎಂಬುದೂ ಅವಳಿಗೆ ಹೊಳೆಯಲಿಲ್ಲ.

“ಅದು ನಾನಲ್ಲ ಅನ್ನು.”

ಅವನ ತುಟಿ ಅಲುಗಿತು.

“ನಿನ್ನೆ ನಿನಗೆ ಹೇಳಿದ್ದಲ್ಲ ಇದು ಅನ್ನು ಫೌಸ್ತೊ. ಒಂದೇ ಮಾತು. ನಂಬ್ತೀನಿ.”

ಇಡೀ ಸಭೆ ಕಾಯಿತು. ಅವನ ಕಣ್ಣು ತುಂಬಿ ಬಂತು. ಆದರೆ ಮಾತು ಬರಲಿಲ್ಲ. ತಲೆ ತಗ್ಗಿಸಿದ.

ಅಷ್ಟೇ ಸಾಕಾಯಿತು ಅವಳಿಗೆ.

*

ಬೇರೆ ಊರಿನ ಆಸ್ಪತ್ರೆಗೆ ವರ್ಗ ಕೊಡಿ, ಆಗದಿದ್ದರೆ ತರಬೇತಿಯನ್ನೇ ಬಿಡುತ್ತೇನೆ ಎಂದು ಪೆರ್ಲಾಗೆ ಹೇಳಿದಳು. ಮೂರನೇ ವರ್ಷದಲ್ಲಿ ಬಿಟ್ಟರೆ ಕೈಗೆ ಏನೂ ಸಿಗದು ಎಂದು ಅವಳಿಗೂ ಗೊತ್ತಿತ್ತು. ಪೆರ್ಲಾ ವಾದ ಮಾಡಲಿಲ್ಲ. ಬರೆದುಕೊಡುತ್ತೇನೆ, ಆದರೆ ಮೊದಲ ದಿನ ಎರಡು ಕುರ್ಚಿಯ ನಡುವೆ ನಾನು ಹೇಳಿದ್ದನ್ನು ಒಮ್ಮೆ ನೆನೆಸಿಕೋ ಎಂದರು. ನೆನೆಸಿಕೊಳ್ಳುವ ಮನಸ್ಸು ಇತಾತಿಗಿರಲಿಲ್ಲ. ಎಲ್ಲರೂ ಅವನ ಕಡೆಯೇ ಎನಿಸಿತು.

ಕಾರಿಡಾರಿನಲ್ಲಿ ಜನ ಅವಳನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ನಾಟಕವಾಡಿದ ಬೆತಿನಾ ಅತ್ತು ಕ್ಷಮೆ ಕೇಳಿದಳು. ತನಗೆ ಆ ಬೆಳಿಗ್ಗೆಯೇ ಪೆರ್ಲಾ ಹೇಳಿದ್ದು, ಇನ್ನೇನೂ ಗೊತ್ತಿಲ್ಲ ಎಂದಳು. ಬೆಳಿಗ್ಗೆಯೇ! ಸಂಜೆ ಕೇಳಿ ಬೆಳಿಗ್ಗೆ ಒಪ್ಪಿಸಿದ್ದಾನೆ. ಇತಾತಿಗೆ ಇನ್ನೊಂದು ಸಲ ಚುಚ್ಚಿದಂತಾಯಿತು.

ಒಂದು ಸಂಜೆ ಅಡುಗೆಮನೆಯಲ್ಲಿ ಅವರಿಬ್ಬರೇ ಎದುರಾದರು. ಫೌಸ್ತೊ ಸೊರಗಿದ್ದ. ಮಾಟೆಗೆ ನೀರು ಹೊಯ್ದು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ.

ಇತಾತಿ ಬುರುಡೆ ಮುಟ್ಟಲಿಲ್ಲ.

“ಥ್ಯಾಂಕ್ಸ್” ಎಂದಳು.

ಮೂರು ವರ್ಷದಲ್ಲಿ ಮೊದಲ ಸಲ. ಅವನ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತ್ತು. ಅವಳು ತಿರುಗಿ ನೋಡದೆ ಹೊರಟಳು. ಕಾರಿಡಾರಿನ ತುದಿಗೆ ಬಂದ ಮೇಲೆ ನಿಂತಳು. ಹಿಂದೆ ಬರಬಾರದೇ? ಸುಳ್ಳಾದರೂ ಒಂದು ಹೇಳಬಾರದೇ? ಅಪ್ಪನಾದರೂ ‘ಬಂದೆ’ ಎಂಬ ಒಂದು ಸುಳ್ಳು ಕೊಟ್ಟು ಹೋಗಿದ್ದ. ಇವನು ಅದನ್ನೂ ಕೊಡಲಿಲ್ಲ...

*

ಕೊನೆಯ ಸೋಮವಾರ ಕಪಾಟು ಖಾಲಿ ಮಾಡಲು ಬಂದಳು. ಮೇಜಿನ ಮೇಲೆ ಚಿಪಾ ಚೀಲವಿತ್ತು. ಹಸಿವಿರಲಿಲ್ಲ. ಹುಲ್ಲುಟೋಪಿಯ ಮುದುಕ ಬೆಂಚಿನಲ್ಲಿದ್ದ. ಈಚೆಗೆ ಅವನು ಫೌಸ್ತೊನ ಕೋಣೆಗೆ ಹೋಗದೆ ಪೆರ್ಲಾರ ಬಾಗಿಲ ಮುಂದೆ ಕೂರುತ್ತಿದ್ದುದನ್ನು ಅವಳು ಕಂಡಿದ್ದಳು, ಯಾಕೆಂದು ಯೋಚಿಸಿರಲಿಲ್ಲ.

ಚೋಲಾಳ ಬಾಯಿ ಎಂದಿನಂತೆ ನಡೆದೇ ಇತ್ತು. ಗೋಯಾದ ಆ ಚಿನ್ನದಂಥ ಹುಡುಗಿ ಇಂದು ಆಸ್ಪತ್ರೆ ಬಿಟ್ಟು ಹೋಗುತ್ತಿದ್ದಾಳೆ, ಪ್ರೀತಿಸಿದವನೇ ಅವಳ ದೋಣಿ ಹಗ್ಗದ ಕಥೆಯನ್ನು ಸಭೆಯಲ್ಲಿ ಆಡಿಸಿಬಿಟ್ಟ, ಗಂಡಸರನ್ನು ನಂಬಬಾರದು ಎಂದು ಅವಳು ಮುದುಕನಿಗೆ ಹೇಳುತ್ತಿದ್ದುದು ಅಡುಗೆಮನೆಗೂ ಕೇಳಿಸಿತು.

ಏನೋ ಬಿದ್ದ ಸದ್ದು. ಮುದುಕ ಎದ್ದಿದ್ದ, ಟೋಪಿ ನೆಲದ ಮೇಲಿತ್ತು.

ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಹೊಸ್ತಿಲು ದಾಟಲಿಲ್ಲ.

“ಡಾಕ್ಟ್ರೇ, ಆ ಹುಡುಗ ನಿಮ್ಮ ಕಥೆ ಯಾರಿಗೂ ಹೇಳಿಲ್ಲ. ಆ ಹಗ್ಗ ನಂದು.”

ಇತಾತಿ ಪುಸ್ತಕಗಳನ್ನು ಕೈಯಲ್ಲೇ ಹಿಡಿದು ನಿಂತಳು. ಮಾತಿನ ಎಳೆತ ಅವಳ ಊರಿನದು.

“ಹಸಿರು ದೋಣಿ” ಎಂದ ಅವನು. ದನಿ ಒಡೆಯುತ್ತಿತ್ತು. “ಮೂಗಿನ ಮೇಲೆ ಬಿಳೀ ಬಣ್ಣದಲ್ಲಿ ‘ಗುರಿಸಾ’ ಅಂತ ನಾನೇ ಬರ್ದಿದ್ದೆ. ಮನೇಲಿ ಮಗಳನ್ನ ಹಾಗೇ ಕರೀತಿದ್ದೆ.”

ಗುರಿಸಾ. ಪುಟ್ಟಿ. ನದಿ ಸೀಮೆಯ ಅಪ್ಪಂದಿರು ಕರೆಯುವ ಹೆಸರು. ಅದನ್ನು ಅವಳು ಫೌಸ್ತೊಗೂ ಹೇಳಿರಲಿಲ್ಲ.

ಪುಸ್ತಕಗಳು ಕೈಜಾರಿದವು.

ಅವನೇ. ಅಪ್ಪ, ಎಲಿಹಿಯೊ. ನೆನಪಿನಲ್ಲಿ ಬೆಟ್ಟದಂತಿದ್ದವನು, ಬಾಗಿಲಿಗೆ ಒರಗಿದ ಈ ಒಣಕಲು ಮುದುಕ... ಅವನು ನಿಂತಲ್ಲೇ ತಡವರಿಸುತ್ತ ಹೇಳಿದ. ಆಚೆ ದಡದಲ್ಲಿ ಒಬ್ಬಳಿದ್ದಳು. ಒಂದು ದಿನದ ಮಾತೆಂದು ಹೋದವನಿಗೆ ಮರಳಿ ಮುಖ ತೋರಿಸುವ ಧೈರ್ಯ ಬರಲಿಲ್ಲ. ವಯಸ್ಸಾದ ಮೇಲೆ ಕನಸು ಶುರುವಾಯಿತು. ಕನಸಿನಲ್ಲಿ ಹಗ್ಗ ಅವನ ಕೈಯಲ್ಲಿ, ಅಂಗೈ ಚರ್ಮ ಕಿತ್ತು ಬಂದರೂ ಬಿಡಲಾಗದು, ದೋಣಿಯಲ್ಲಿ ಮಗಳು, ದೂರ ದೂರ ಹೋಗುತ್ತಾಳೆ. ಮಗಳು ಈ ಆಸ್ಪತ್ರೆಯಲ್ಲಿದ್ದಾಳೆ ಎಂದು ಊರಿನವರಿಂದ ತಿಳಿದು, ದೂರದಿಂದ ನೋಡೋಣವೆಂದು ಇಲ್ಲಿಗೇ ಚೀಟಿ ಮಾಡಿಸಿದ. ಫೌಸ್ತೊನ ಪಾಲಿಗೆ ಬಂದ.

“ಮಗಳು ಇಲ್ಲೇ ಇದ್ದಾಳೆ ಅಂತ ಅವನಿಗೂ ಹೇಳಿರಲಿಲ್ಲ. ಒಂದ್ಸಲ ಇದ್ದಕ್ಕಿದ್ದಂತೆ, ಇನ್ಮೇಲೆ ನಿಮ್ಮನ್ನ ಪೆರ್ಲಾ ನೋಡ್ತಾರೆ ಅಂದ. ಯಾಕಪ್ಪ ಅಂದೆ. ಹೇಳಲಿಲ್ಲ. ಅವನ ಕಣ್ಣು ಕೆಂಪಗಿತ್ತು.”

ಇತಾತಿಗೆ ಈಗ ಒಂದೊಂದೇ ಹೊಳೆಯಿತು. ಈ ಕಾರಿಡಾರಿನಲ್ಲಿ ಎಲ್ಲರೂ ಕಂಡ ದೋಣಿಯ ಮುದುಕನನ್ನು ಯಾರೂ ಗುರುತಿಸಬಾರದೆಂದು ಫೌಸ್ತೊ ಹುಡುಗಿಯ ವೇಷ ಕಟ್ಟಿದ್ದ, ಸಿಟ್ಟಿನಲ್ಲಿ ಅವಳು ಮರೆತೇಬಿಟ್ಟಿದ್ದ ಆ ನಿಯಮದಂತೆ ವಾರದ ಹಿಂದೆಯೇ. ಅವಳು ಹಗ್ಗದ ಕಥೆ ಹೇಳಿದ ಸಂಜೆ ಅವನಿಗೆ ತಾನು ಕಟ್ಟಿದ ವೇಷ ಯಾರ ಮುಖಕ್ಕೆ ಕೂತಿದೆ ಎಂದು ಗೊತ್ತಾಯಿತು. ಸಭೆ ನಿಲ್ಲಿಸಲೆಂದು ಮುಷ್ಕರದ ಊರಿನಲ್ಲಿ ಓಡುತ್ತಲೇ ಬಂದ, ತಡವಾಯಿತು. ಅದು ನೀನಲ್ಲ ಎಂದಿದ್ದರೆ? ಮತ್ಯಾರು ಎಂದು ಅವಳು ಕೇಳುತ್ತಿದ್ದಳು. ಅಮ್ಮನನ್ನು ಬಿಟ್ಟರೆ ಆ ಹಗ್ಗ ಗೊತ್ತಿರುವವನು ಜಗತ್ತಿನಲ್ಲಿ ಇನ್ನೊಬ್ಬನೇ. ಆ ಒಂದು ಮಾತಿಗೆ ಮುದುಕನ ಗುಟ್ಟು ಎಲ್ಲರೆದುರು ಬಯಲಾಗುತ್ತಿತ್ತು.

ಅದಕ್ಕೇ ಬಾಯಿ ಮುಚ್ಚಿದ. ಅವಳನ್ನು ಕಳೆದುಕೊಂಡರೂ.

“ಚಿಪಾ ನೀವು ತರ್ತಿದ್ದದ್ದಾ?” ಎಂದು ಕೇಳಿದಳು. ಕೇಳಬೇಕಾದ್ದು ಬೇರೆ ಸಾವಿರವಿತ್ತು.

ಮುದುಕ ತಲೆಯಾಡಿಸಿದ. “ನೀನು ತಿನ್ನೋದು ಬೆಂಚಿನಿಂದ ಕಾಣ್ತಿತ್ತು.”

ಅವಳಿಗೆ ಓಡಿಹೋಗಿ ಅಪ್ಪಿಕೊಳ್ಳಬೇಕೆನಿಸಲಿಲ್ಲ. ಹೊಡೆಯಬೇಕೆನಿಸಿತು. ಎರಡೂ ಮಾಡಲಿಲ್ಲ. ಅಂಗೈ ಉರಿಯುತ್ತಿತ್ತು.

“ನಿಮ್ಮನ್ನ ಅಪ್ಪ ಅನ್ನೋಕೆ ನನ್ನಿಂದ ಆಗಲ್ಲ.”

“ಅನ್ನಬೇಡ. ನನಗೆ ಆ ಹಕ್ಕಿಲ್ಲ. ಆ ಹುಡುಗನ್ನ ಬಿಡಬೇಡ ಅಂತ ಹೇಳೋಕಷ್ಟೇ ಬಂದೆ.”

ಅವನು ತಿರುಗಿ ಟೋಪಿ ಹೆಕ್ಕಲು ಬಗ್ಗಿದ. ಬೆನ್ನು ನೆಟ್ಟಗಾಗಲು ಹೊತ್ತು ಹಿಡಿಯಿತು. ಅದನ್ನು ನೋಡುತ್ತ ಅವಳು ಕೇಳಿದಳು, ಮುಂದಿನ ಸೋಮವಾರ ಬರುತ್ತೀರಾ ಎಂದು.

“ಬಂ...”

“ಬಂದೆ ಅಂತ ಹೇಳಬೇಡಿ” ಎಂದಳು ಇತಾತಿ. “ಬನ್ನಿ, ಅಷ್ಟೇ.”

*

ಫೌಸ್ತೊ ಪಾಠದ ಕೋಣೆಯಲ್ಲಿದ್ದ. ಯಾರೂ ಇರಲಿಲ್ಲ. ಮೊದಲ ದಿನದ ಅದೇ ಎರಡು ಕುರ್ಚಿ, ರೋಗಿಯ ಕುರ್ಚಿಯಲ್ಲಿ ಅವನು. ಕಾಲ ಬಳಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ, ಕಿಟಕಿಯಾಚೆ ನೋಟ.

ಇತಾತಿ ಬಂದು ಎದುರಿಗೆ ಕೂತಳು. ಅವನು ಗಾಬರಿಯಿಂದ ತಿರುಗಿದ.

“ನೀವು ಹೀಗೆ ಬಾಯೇ ಬಿಡದೆ ಕೂತ್ರೆ ನಾನು ಏನಂತ ತಿಳ್ಕೊಳ್ಳಲಿ?” ಎಂದಳು.

ಅವನು ಅವಳ ಮುಖವನ್ನೇ ಹುಡುಕಿದ. “ಯಾರು ಹೇಳಿದ್ರು?”

“ಹೇಳಬೇಕಾದವರೇ.”

ಅವನ ಭುಜಗಳು ಇಳಿದವು. ಮಾಟೆ ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಷ್ಟು ದಿನ ಹೊತ್ತದ್ದನ್ನು ಇಳಿಸಿದವನು ಹೇಗೆ ಅಳುತ್ತಾನೋ ಹಾಗೆ ಅತ್ತ. ಅವಳು ಕಾದಳು. ಕಾಯುವುದನ್ನು ಕಲಿಸಿದ್ದರಲ್ಲ.

“ನಿನ್ನ ಮೇಲೆ ಇನ್ನೂ ಸಿಟ್ಟಿದೆ” ಎಂದಳು ಆಮೇಲೆ. “ಅಷ್ಟು ದೊಡ್ಡ ಊರಲ್ಲಿ ಕಟ್ಟೋಕೆ ಬೇರೆ ವೇಷ ಸಿಗಲಿಲ್ವಾ ನಿಂಗೆ? ಕ್ಷೌರಿಕನ್ನ ಮಾಡಬಹುದಿತ್ತು. ಪಾದ್ರೀನ ಮಾಡಬಹುದಿತ್ತು.”

ಅವನು ಅಳುತ್ತಲೇ ನಕ್ಕ. “ನೀನು ಥ್ಯಾಂಕ್ಸ್ ಅಂದಾಗ ಹೇಳಿಬಿಡೋಣ ಅನ್ನಿಸ್ತು ಇತಾತಿ. ಬಾಯಿ ತುದೀಲಿತ್ತು.”

“ಯಾಕೆ ಹೇಳಲಿಲ್ಲ?”

“ಅವರು ನಂಬಿ ಕೊಟ್ಟಿದ್ರು. ನೀನು ನಂಬಿ ಕೊಟ್ಟಿದ್ದೂ ನನ್ನ ಹತ್ರ ಇತ್ತು. ಒಂದನ್ನ ಒಡೆದು ಇನ್ನೊಂದನ್ನ ಉಳಿಸ್ಕೊಂಡಿದ್ರೆ, ಆಮೇಲೆ ನೀನು ಯಾವ ಮುಖ ನೋಡಿ ನನ್ನ ನಂಬ್ತಿದ್ದೆ?” ಅವನು ಕಣ್ಣೊರೆಸಿಕೊಂಡ. “ನಿನ್ನ ಬಿಟ್ಟು ನಂಗೆ ಇರೋಕಾಗಲ್ಲ. ಇದು ನನ್ನದೇ ಗುಟ್ಟು, ಇದನ್ನ ಹೇಳಬಹುದು.”

ಅವಳು ಕೈ ಚಾಚಿದಳು. ಅವನು ಮಾಟೆಗೆ ನೀರು ಹೊಯ್ದು ಕೊಟ್ಟ. ಆರಿಹೋಗಿತ್ತು, ಕಹಿಯಾಗಿತ್ತು. ಕೊನೆಯ ಗುಟುಕಿನ ತನಕ ಹೀರಿ, ಥ್ಯಾಂಕ್ಸ್ ಹೇಳದೆ ಬುರುಡೆಯನ್ನು ಅವನ ಕೈಗಿಟ್ಟಳು.

ಅವನಿಗೆ ಅರ್ಥವಾಯಿತು. ಗಡಬಡಿಸಿ ಫ್ಲಾಸ್ಕು ಹಿಡಿದು ಎದ್ದ.

“ತಣ್ಣಗಾಗಿದೆ, ಬಿಸಿನೀರು ತರ್ತೀನಿ. ಇಲ್ಲೇ ಕಾಯ್ತಿರ್ತೀಯಾ?”

“ಇಲ್ಲ” ಎಂದಳು ಇತಾತಿ.

ಎದ್ದು, ಗಾಯದ ಅಂಗೈಯನ್ನು ಅವನ ಅಂಗೈಯೊಳಗೆ ಸೇರಿಸಿದಳು.

“ಕಾಯಲ್ಲ. ಜೊತೆಗೇ ಬರ್ತೀನಿ.”